ರೊಟ್ಟಿಯ ಕ್ಷೇತ್ರಫಲ

ಮೂವತ್ತು ವರ್ಷ ಹೊಲ ಅಳೆದು ಸಂಬಳ ತಿಂದವನು ನಾನು. ಆದರೆ ಅಳೆದ ಒಂದು ಹೊಲಕ್ಕೂ ಕಾಲಿಟ್ಟವನಲ್ಲ. ಶಹಾಪುರದ ಕಾಲುವೆ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ಬಿಸಿಲಲ್ಲಿ ಸರಪಳಿ ಎಳೆದವರು ಬೇರೆ. ಫ್ಯಾನಿನ ಕೆಳಗೆ ಕೂತು ‘ಎರಡು ಎಕರೆ ಹನ್ನೊಂದು ಗುಂಟೆ’ ಎಂದು ಬರೆದವನು ನಾನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ಕೈಗೆ ಧೂಳೂ ಹತ್ತದೆ ಮೊಸರು ಸಿಕ್ಕಿತು.

ಅದಕ್ಕೆ ಕಾರಣ ಪ್ಲಾನಿಮೀಟರ್ ಎಂಬ ಹಿತ್ತಾಳೆಯ ಉಪಕರಣ. ಎರಡು ತೋಳು, ಒಂದು ಪುಟ್ಟ ಗಾಲಿ. ಒಂದು ತೋಳಿನ ತುದಿಯನ್ನು ಕಾಗದದ ಮೇಲೆ ಊರಿ, ಇನ್ನೊಂದರ ಮೊನೆಯನ್ನು ನಕ್ಷೆಯ ಗಡಿಗುಂಟ ಒಂದು ಸುತ್ತು ತಂದರೆ ಗಾಲಿ ಉರುಳಿ ಒಳಗಿನ ಕ್ಷೇತ್ರಫಲ ಹೇಳುತ್ತದೆ. ಒಳಗೆ ಮಾತ್ರ ಕಾಲಿಡುವುದಿಲ್ಲ, ಥೇಟ್ ನನ್ನ ಹಾಗೆ. ಬಲಸುತ್ತು ಬಂದರೆ ಲೆಕ್ಕ ಏರುತ್ತದೆ, ಎಡಸುತ್ತಾದರೆ ಇಳಿಯುತ್ತದೆ. ನನಗೆ ಕೆಲಸ ಕಲಿಸಿದ ಸುರಪುರದ ಹಿರಿಯರು ಮೊದಲ ದಿನವೇ ಎಚ್ಚರಿಸಿದ್ದರು: “ತಿಂಥಣಿ ಮೌನೇಶ್ವರನ ಗುಡಿ ಹೆಂಗ ಸುತ್ತತಿ, ಹಂಗ ಸುತ್ತು ತಮ್ಮಾ. ಉಲ್ಟಾ ಸುತ್ತಿದ್ರ ಇದ್ದ ಹೊಲಾನೂ ಹೋಗ್ತದ.”

ಗಡಿ ಸುತ್ತಿದ ಮಾತ್ರಕ್ಕೆ ಒಳಗಿನದು ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಗಣಿತದ ಪುಸ್ತಕ ತಂದೆ. ಮೂರನೆಯ ಪುಟಕ್ಕೆ ನಿದ್ದೆ ಬಂತು. ನಮ್ಮಜ್ಜನಿಗೆ ಈ ತಾಪತ್ರಯವೇ ಇರಲಿಲ್ಲ. ಎತ್ತು ಎಳೆಯುವ ಕೂರಿಗೆ ಒಂದು ದಿನದಲ್ಲಿ ಬಿತ್ತಿದಷ್ಟು ನೆಲ ಅವನಿಗೆ ಒಂದು ಕೂರಿಗೆ ಹೊಲ. ಅವನ ಅಳತೆಯಲ್ಲಿ ಎತ್ತಿನ ಸುಸ್ತೂ ಸೇರಿರುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಪ್ಲಾನಿಮೀಟರಿಗೂ ನನಗೂ ಒಟ್ಟಿಗೇ ನಿವೃತ್ತಿಯಾಯಿತು. ಸಾಹೇಬರು ಹಾರದ ಜೊತೆ ಅದರ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದರು. ಮನೆಯಲ್ಲಿ ಅರಳಿ ಎಲೆ, ಗೋಡೆಯ ಕಲೆ, ಮೊಮ್ಮಗಳ ಪಾದ, ಎಲ್ಲವನ್ನೂ ಕಾಗದಕ್ಕಿಳಿಸಿ ಅಳೆದೆ. ಹೋದ ತಿಂಗಳು ಪೆಟ್ಟಿಗೆಯ ಮಖಮಲ್ಲಿನಡಿ ಮಡಿಸಿದ ಹಾಳೆಯೊಂದು ಸಿಕ್ಕಿತು. ಮದುವೆಯಾದ ಹೊಸತರಲ್ಲಿ, ಹೆಂಡತಿ ಶರಣಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ ಎಷ್ಟು ದುಂಡಗಿದೆಯೆಂದು ಗೆಳೆಯರಿಗೆ ತೋರಿಸಲು, ಅದರ ಸುತ್ತ ಪೆನ್ಸಿಲ್ ಎಳೆದು ಅಳೆದಿದ್ದೆ. ಕುತೂಹಲ ತಡೆಯಲಾರದೆ, ಹಾಳೆ ಸಿಕ್ಕ ದಿನ ತಾಟಿಗೆ ಬಿದ್ದ ರೊಟ್ಟಿಯನ್ನೂ ಅಳೆದೆ. ಮೂರರಲ್ಲಿ ಒಂದು ಪಾಲು ಕಡಿಮೆ.

“ಏನ್ ಶರಣಮ್ಮ, ರೊಟ್ಟಿ ಯಾರೋ ಒತ್ತುವರಿ ಮಾಡ್ಯಾರಲ್ಲ?” ಎಂದು ಚೇಷ್ಟೆ ಮಾಡಿದೆ.

ಆಕೆ ನಗಲಿಲ್ಲ. “ವರ್ಷ ಆಗಾಕ ಬಂತ್ರಿ, ಬಲಗೈ ಮ್ಯಾಲ ಏಳವಲ್ದು. ಎಡಗೈಲೆ ಬಡದ್ರ ಅಷ್ಟ ಆಗ್ತದ. ನಿಮಗ ಕಡಿಮಿ ಬೀಳಬಾರ್ದಂತ ಒಂದು ಹೆಚ್ಚಿಗಿ ಹಾಕಾಕತ್ತೀನಿ.”

“ಮತ್ತ ಹೇಳಬಾರ್ದೇನು?”

“ನೀವು ಕೇಳಿಲ್ಲಲ್ರಿ.”

ಲೆಕ್ಕ ಹಾಕಿದೆ. ಈಗಿನ ಮೂರು ರೊಟ್ಟಿ ಹಳೆಯ ಎರಡಕ್ಕೆ ಸರಿಯಾಗಿ ಸಮ. ನಾನೋ, ಈ ವಯಸ್ಸಿನಲ್ಲಿ ಎರಡರಿಂದ ಮೂರಕ್ಕೇರಿದೆನೆಂದು ಓಣಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ದಿನಕ್ಕೆರಡು ಸಲ ಆಕೆಯ ಎದುರೇ ಕೂತು ಉಂಡವನಿಗೆ ಆ ಕೈ ಕಂಡಿರಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಮರುದಿನವೇ ಯಾದಗಿರಿಯ ಡಾಕ್ಟರಿಗೆ ತೋರಿಸಿದೆ. ಭುಜ ಬಿಗಿದಿದೆ, ಬಿಡುತ್ತದೆ, ಆದರೆ ಮೂರು ತಿಂಗಳು ರೊಟ್ಟಿ ಬಡಿಯುವಂತಿಲ್ಲ ಎಂದರು. ಹಾಗಾಗಿ ಈಗ ಬಡಿಯುವವನು ನಾನು. ಮೊದಲ ರೊಟ್ಟಿ ಕೃಷ್ಣೆಯ ದಂಡೆಯ ಯಾವುದೋ ಹಳ್ಳಿಯ ನಕ್ಷೆಯಂತೆ ಬಂತು, ಮೂರು ಕಡೆ ಕೊಲ್ಲಿ, ಒಂದು ಕಡೆ ಬಿರುಕು. ಹಂಚಿಗೆ ಹಾಕಿ, ಬಗ್ಗಿ, ಅದರ ಗಡಿಯನ್ನೇ ನೋಡುತ್ತ ನಿಂತೆ. ಪಕ್ಕದ ಸ್ಟೂಲಿನ ಮೇಲೆ ಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತ ಶರಣಮ್ಮ ಮೆಲ್ಲಗೆ ಹೇಳಿದಳು:

“ಅಂಚು ನೋಡಿದ್ದು ಸಾಕ್ರಿ, ನಡುವ ಹೊತ್ತಾಕತ್ತದ.”

ತಿರುವಿ ಹಾಕಿದೆ. ನಡುವೆ ಕಪ್ಪಗಾಗಿತ್ತು. ಅದನ್ನು ನನ್ನ ತಾಟಿಗೇ ಹಾಕಿಕೊಂಡೆ.