ರೊಕ್ಕಾಲ್ತಾದ ಹತ್ತಿ ಸಾಹೇಬರು

ಹತ್ತಿ ಸಾಹೇಬರು ಯಾರನ್ನೂ "ಆರಾಮ ಅದೀರಿ?" ಎಂದು ಕೇಳಿದ್ದನ್ನು ನಾನು ನೋಡಿಲ್ಲ. ಎದುರಿಗೆ ಬಂದವರ ಊರು ಯಾವುದೆಂದು ಮೊದಲು ಕೇಳುವರು. ಹೇಳಿದ ಮೇಲೆ ಕತ್ತನ್ನು ತುಸು ಓರೆ ಮಾಡಿ, "ಆ ಊರಾಗ ಯಾರು ಹುಟ್ಟ್ಯಾರ್ರಿ?" ಎನ್ನುವರು. ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಈ ಪ್ರಶ್ನೆಗೆ ಸಿಕ್ಕದ ಮನುಷ್ಯನಿರಲಿಲ್ಲ. ಒಮ್ಮೆ ಗೋಪನಕೊಪ್ಪದ ಗಾಡಿ ಹೊಡೆಯುವ ಯಲ್ಲಪ್ಪ ಬೆವರು ಒರೆಸಿಕೊಳ್ಳುತ್ತ, "ನಾನಽ ಹುಟ್ಟೇನಲ್ರಿ ಸಾಹೇಬ್ರ, ಮತ್ಯಾರು ಬೇಕು ನಿಮಗ?" ಎಂದ. ಸುತ್ತಲಿದ್ದವರು ನಕ್ಕರು. ಸಾಹೇಬರು ನಗಲಿಲ್ಲ. ಕಿಸೆಯಿಂದ ಕಂದು ರಟ್ಟಿನ ಒಂದು ವಹಿ ತೆಗೆದು ಆ ಮಾತನ್ನು ಬರೆದುಕೊಂಡರು.

ಅವರ ನಿಜವಾದ ಹೆಸರು ಆತ್ತಿಲ್ಯೊ. ಇಟಲಿಯ ಗಿರಣಿಗಳಿಗೆ ಹತ್ತಿ ಕೊಳ್ಳುವ ಕಂಪನಿಯೊಂದರ ಪರೀಕ್ಷಕರಾಗಿ ಇಪ್ಪತ್ತರ ದಶಕದ ಕೊನೆಗೆ ಹುಬ್ಬಳ್ಳಿಗೆ ಬಂದವರು. ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಎಳೆಯ ಉದ್ದ ನೋಡಿ, ಅದು ಯಾವ ಕಡೆಯ ಹೊಲದ್ದೆಂದು ಹೇಳಿಬಿಡುವರು. ಹಮಾಲರ ಬಾಯಲ್ಲಿ ಆತ್ತಿಲ್ಯೊ ಒಂದೇ ವಾರದಲ್ಲಿ ಹತ್ತಿ ಸಾಹೇಬರಾದರು. ನಾನು ಆಗ ಹತ್ತಿ ದಲಾಲಿ ಮಾಡುವ ಶಿವಪ್ಪ ಶೆಟ್ಟರ ಅಡತಿ ಅಂಗಡಿಯಲ್ಲಿ ಇಂಗ್ಲಿಷ್ ಪತ್ರ ಬರೆಯುವ ಕಾರಕೂನ. ದಿನಾ ಧಾರವಾಡದಿಂದ ರೈಲಿಗೆ ಬಂದು ಹೋಗುತ್ತಿದ್ದೆ. ಸಾಹೇಬರು ಕನ್ನಡ ಕಲಿತದ್ದು ನಮ್ಮ ಅಂಗಡಿಯ ಗಾದಿಯ ಮೇಲೆ ಕೂತು. "ರಿ" ಹಚ್ಚಿದರೆ ಮರ್ಯಾದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಅಂದಿನಿಂದ ದಾರಿಗೆ ಅಡ್ಡ ನಿಂತ ಎತ್ತಿಗೂ "ಸ್ವಲ್ಪ ಸರೀರಿ" ಎನ್ನುತ್ತಿದ್ದರು.

ಅವರ ಊರಿನ ಹೆಸರು ರೊಕ್ಕಾಲ್ತಾ.

"ಅಂದರ ರೊಕ್ಕ ಭಾಳ ಇರೋ ಊರೇನ್ರಿ?" ಎಂದು ಶೆಟ್ಟರು ಕೇಳಿದರು.

"ಇಲ್ರಿ ಶೆಟ್ಟರ. ನಮ್ಮ ಭಾಷಾದಾಗ ರೊಕ್ಕ ಅಂದರ ದೊಡ್ಡ ಕಲ್ಲು. ನಮ್ಮಲ್ಲಿ ಅದಽ ಭಾಳ ಐತಿ."

ಗುಡ್ಡದ ನೆತ್ತಿಯ ಮೇಲೆ ಊರು. ಸುತ್ತ ಗಚ್ಚಿಲ್ಲದೆ ಒಂದರ ಮೇಲೊಂದು ಕೂರಿಸಿದ ಕಲ್ಲುಗಳ ಗೋಡೆ. ರೋಮಿನವರು ಬರುವುದಕ್ಕಿಂತ ಮೊದಲೇ ಅದನ್ನು ಕಟ್ಟಿದ ಜನ ಗುಡ್ಡದ ಹೊಟ್ಟೆಯಲ್ಲಿ ಗೋರಿಗಳನ್ನು ಕೊರೆದಿದ್ದರಂತೆ. ಗೋರಿಯ ಒಳಗೆ ಕುಣಿಯುವವರ, ಕೊಳಲು ಊದುವವರ ಚಿತ್ರ. ಅವರ ಅಕ್ಷರಗಳನ್ನು ಓದಲು ಬರುತ್ತದೆ, ಅರ್ಥ ಮಾತ್ರ ಪೂರ್ತಿ ಆಗುವುದಿಲ್ಲ ಎಂದರು ಸಾಹೇಬರು. ಹತ್ತಿಯ ದರ ಬಿಟ್ಟು ಬೇರೇನನ್ನೂ ಕೇಳದ ಶೆಟ್ಟರು ಅಂದು ಪತ್ರಗಳಿಗೆ ಸಹಿ ಹಾಕುವುದನ್ನು ಬಿಟ್ಟು, "ಓದಾಕ ಬಂದ ಮ್ಯಾಲೆ ತಿಳಿಯೂದಿಲ್ಲ ಯಾಕ?" ಎಂದು ಅರ್ಧ ತಾಸು ಕೂತರು.

ರೊಕ್ಕಾಲ್ತಾದಲ್ಲಿ ಹುಟ್ಟಿದವರ ಕತೆಗಳು ಹೀಗೆ ಒಂದೊಂದಾಗಿ ಬಂದವು. ಗುಡ್ಡವನ್ನೇ ಇಳಿಯದೆ ಇಡೀ ಪ್ರಪಂಚದ ನಕಾಶೆ ಬರೆದವನೊಬ್ಬ. ಊರ ಹೆಬ್ಬಾಗಿಲಾದ ಅಗಸೆಯಲ್ಲಿ ಕೂತು, ಬಂದ ವ್ಯಾಪಾರಿಗಳಿಂದ ದೇಶ ದೇಶದ ಸುದ್ದಿ ಕೇಳಿ ಗೆರೆ ಎಳೆಯುತ್ತಿದ್ದನಂತೆ. ಪ್ಲೇಗು ಬಂದಾಗ ಅಗಸೆಯನ್ನು ಒಳಗಿನಿಂದ ಹಾಕಿಸಿ, ತಾನು ರೋಗಿಗಳ ಜೊತೆ ಹೊರಗೇ ಉಳಿದ ಸೂಲಗಿತ್ತಿಯೊಬ್ಬಳು. ಏಳು ಹಳ್ಳಿಗೆ ಕೇಳಿಸುವ ಗಂಟೆ ಎರಕ ಹೊಯ್ದವನೊಬ್ಬ.

ಇವನ್ನೆಲ್ಲ ಸೇರಿಸಿ ನಾನು ಧಾರವಾಡದ ಒಂದು ಮಾಸಪತ್ರಿಕೆಗೆ ಲೇಖನ ಬರೆದೆ. ಅದು ಅಚ್ಚಿಗೆ ಹೋಗುವ ಮುನ್ನಾದಿನ ರವಿವಾರ. ಮಟಮಟ ಮಧ್ಯಾಹ್ನ ಸಾಹೇಬರು ಹುಬ್ಬಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದು ನಮ್ಮ ಮನೆಯ ಬಾಗಿಲಲ್ಲಿ ನಿಂತರು. ಮುಖ ಕೆಂಪಗೆ ಸುಟ್ಟಿತ್ತು.

"ಕಾರಕೂನರ, ಗಂಟಿ ಮಾಡಿದವನ್ನ ತಗೀರಿ."

"ಯಾಕ್ರಿ?"

"ಅವ ನಮ್ಮ ಊರಾವ ಅಲ್ಲ. ಎದುರಿನ ಗುಡ್ಡದ ಊರಾವ. ನಮ್ಮಲ್ಲಿ ಕೆಲಸಕ್ಕ ಬಂದಿದ್ದ, ಅಷ್ಟ. ಸಣ್ಣಂದಿನಿಂದ ನಾವು ನಮ್ಮವ ಅಂತ ಹೇಳಿಕೋತ ಬಂದೇವಿ."

"ಇಲ್ಲಿ ಯಾರಿಗೆ ಗೊತ್ತಾಗತದ್ರಿ ಸಾಹೇಬ್ರ?"

"ಬಾಯಿಲೆ ಹೇಳೂದು ಬ್ಯಾರೆ. ಅಚ್ಚಿನಾಗ ಬಂದರ ಆ ಊರು ಒಬ್ಬನ್ನ ಕಳಕೋತೈತಿ."

ನಾನು ಆ ಸಾಲುಗಳನ್ನು ಅವರೆದುರಿಗೇ ಹೊಡೆದುಹಾಕಿದೆ. ಅವ್ವ ಮಜ್ಜಿಗೆ ತಂದುಕೊಟ್ಟಳು. ಕುಡಿದವರು ಸುಮ್ಮನಿರಲಿಲ್ಲ. ಅವ್ವನ ತವರೂರು ಕೇಳಿದರು. ಸತ್ತೂರ ಎಂದಳು. ಅಲ್ಲಿ ಯಾರು ಹುಟ್ಟ್ಯಾರ್ರಿ ಎಂದರು. ಯಾರಿಲ್ಲಪ್ಪ ಎಂದು ಒಳಗೆ ಹೊರಟ ಅವ್ವ ಬಾಗಿಲಲ್ಲೇ ನಿಂತಳು. "ನಮ್ಮ ಅಬಚಿ, ನಮ್ಮವ್ವನ ತಂಗಿ, ಒಬ್ಬಾಕಿ ಇದ್ದಳು, ಅಲ್ಲೇ ಹುಟ್ಟಿದಾಕಿ," ಎಂದು ಶುರು ಮಾಡಿದಳು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಆಕೆ, ಅಣ್ಣನ ಮಕ್ಕಳು ತಿದ್ದುತ್ತಿದ್ದ ಪಾಟಿಯನ್ನು ಎದುರು ಕೂತು ನೋಡಿ ನೋಡಿ ಅಕ್ಷರ ಕಲಿತಳಂತೆ. ಎದುರಿನಿಂದ ಕಲಿತದ್ದರಿಂದ ಆಕೆಗೆ ಪುಸ್ತಕ ತಲೆಕೆಳಗು ಹಿಡಿದರೇ ಓದಲು ಬರುತ್ತಿತ್ತು. ಹಾಗೆಯೇ ಹಿಡಿದು ಓಣಿಯ ಹೆಂಗಸರಿಗೆಲ್ಲ ಪುರಾಣ ಓದಿ ಹೇಳುತ್ತಿದ್ದಳಂತೆ. ಮೂವತ್ತು ವರ್ಷ ಅವ್ವನ ಜೊತೆ ಬಾಳಿದ ನನಗೆ ಈ ಸಂಗತಿ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಇಟಲಿ ಯುದ್ಧಕ್ಕೆ ಇಳಿದ ಜೂನ್ ತಿಂಗಳಲ್ಲಿ ಪೊಲೀಸರು ಸಾಹೇಬರನ್ನು ಹಿಡಿದರು. ವೈರಿ ದೇಶದವರನ್ನೆಲ್ಲ ಹಿಡಿಯುತ್ತಿದ್ದರು; ಅದೊಂದೇ ಆಗಿದ್ದರೆ ಶಿಬಿರದಲ್ಲಿ ಇಡುತ್ತಿದ್ದರು, ಅಷ್ಟೇ. ಆದರೆ ಕಂದು ವಹಿಯೂ ಸಿಕ್ಕಿತು. ಅದರ ತುಂಬ ನಮ್ಮ ಸೀಮೆಯ ಹಳ್ಳಿಗಳ ಹೆಸರು, ಪ್ರತಿ ಹಳ್ಳಿಯ ಕೆಳಗೆ ಜನರ ಹೆಸರು. ಇದು ಗೂಢಚಾರನ ವಹಿ ಎಂದು ಫೌಜದಾರರಿಗೆ ಖಾತ್ರಿಯಾಯಿತು. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದರಿಂದ ಓದಿ ಹೇಳಲು ನನ್ನನ್ನು ಕರೆಸಿದರು. ಶೆಟ್ಟರು ತಾವಾಗಿಯೇ ಜೊತೆಗೆ ಬಂದರು.

ನಾನು ಒಂದೊಂದೇ ಪುಟ ಓದಿದೆ. ಯಲ್ಲಪ್ಪ ಬಂದ. ತಲೆಕೆಳಗು ಓದುವ ಅಬಚಿ ಬಂದಳು. ಬರಿಗೈಯಿಂದ ಹಾವು ಹಿಡಿಯುವವನು, ಹದಿನಾಲ್ಕು ಮಕ್ಕಳನ್ನು ಹೆತ್ತವಳು ಬಂದರು. ಫೌಜದಾರರು ಮೊದಲು ಹುಬ್ಬು ಗಂಟಿಕ್ಕಿಕೊಂಡು ಕೇಳಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. ಎಲ್ಲ ಮುಗಿದ ಮೇಲೆ ಒಂದು ಕಾಗದ ನನ್ನ ಮುಂದೆ ಸರಿಸಿದರು.

"ಇದರಾಗ ಬ್ಯಾರೆ ಏನೂ ಇಲ್ಲ ಅಂತ ಸಹಿ ಮಾಡತೀರೇನು? ನಾಳೆ ಏನರ ಹೊರಬಿದ್ದರ ನೀವೂ ಒಳಗ ಹೋಗತೀರಿ."

ಮನೆಯಲ್ಲಿ ಅವ್ವ, ಹೆಂಡತಿ, ಎರಡು ಕೂಸು. ನನ್ನ ಕೈ ಮೇಜಿನ ಮೇಲೆಯೇ ಉಳಿಯಿತು. ಆಗ ಶೆಟ್ಟರು, "ನೀ ಮೊದಲು ಮಾಡು ರಾಘಣ್ಣ, ನಿನ್ನ ಕೆಳಗ ನಾನೂ ಮಾಡತೇನಿ," ಎಂದರು. ಇಬ್ಬರೂ ಮಾಡಿದೆವು. ಗೂಢಚಾರಿಕೆಯ ಮಾತು ಅಲ್ಲಿಗೆ ನಿಂತಿತು.

ಎರಡು ದಿನದ ಮೇಲೆ ಸಾಹೇಬರನ್ನು ಪುಣೆಯ ಆಚೆಗಿನ ಶಿಬಿರಕ್ಕೆ ಒಯ್ದರು. ಸ್ಟೇಷನ್ನಿನಲ್ಲಿ ಇಬ್ಬರು ಪೊಲೀಸರ ನಡುವೆ, ಆ ಸೆಕೆಯಲ್ಲೂ ಕೋಟು ಹಾಕಿಕೊಂಡು ಕೂತಿದ್ದರು. ವಹಿ ಮರಳಿ ಕೊಟ್ಟಿರಲಿಲ್ಲ. ನಾನು ಅದರ ಮಾತೆತ್ತಿದಾಗ, "ಇರಲಿ ಬಿಡ್ರಿ. ಎಲ್ಲಾರೂ ನೆನಪ ಅದಾರ," ಎಂದರು. ಗಾಡಿ ಬಿಡುವ ತನಕ ನನ್ನ ಕೈ ಹಿಡಿದುಕೊಂಡಿದ್ದರು.

ಯುದ್ಧ ಮುಗಿದು ಎರಡು ವರ್ಷಕ್ಕೆ ರೊಕ್ಕಾಲ್ತಾದಿಂದ ಅಂಗಡಿಯ ವಿಳಾಸಕ್ಕೆ ಕಾಗದ ಬಂತು. ಸಾಹೇಬರ ತಂಗಿ ಯಾರ ಕೈಯಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದಳು. ಅಣ್ಣ ಶಿಬಿರದಿಂದ ಬಡಕಲಾಗಿ ಬಂದ, ಒಂದು ವರ್ಷ ಬದುಕಿದ್ದ, ಚಳಿಗಾಲದಲ್ಲಿ ಎದೆಬೇನೆಯಿಂದ ತೀರಿಕೊಂಡ. ಆ ಒಂದು ವರ್ಷ ದಿನಾ ಸಂಜೆ ಊರ ನಡುವಿನ ಕಟ್ಟೆಯ ಮೇಲೆ ಕೂತು ನಿಮ್ಮ ಕಡೆಯ ಜನರ ಕತೆಗಳನ್ನೇ ಹೇಳುತ್ತಿದ್ದ. ಕೇಳಲು ಹೆಂಗಸರು ಹೆಣಿಗೆ ಹಿಡಿದುಕೊಂಡು ಬರುತ್ತಿದ್ದರು. ಕೊನೆಕೊನೆಗೆ ಊರಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ, ಹುಬ್ಬಳ್ಳಿಯವ ಎಂದೇ ಕರೆಯುತ್ತಿದ್ದರು.

ನಾನು ಕನ್ನಡದಲ್ಲಿ ಹೇಳುತ್ತ ಹೋದದ್ದನ್ನು ಶೆಟ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಹುಬ್ಬಳ್ಳ್ಯಾವ ಅಂತ ಖರೇನ ಬರದಾರೇನು?"

"ಹೌದ್ರಿ."

"ಅದೊಂದು ಸಾಲು ಇನ್ನೊಮ್ಮೆ ಓದು."

ನಾನು ಇನ್ನೊಮ್ಮೆ ಓದಿದೆ.