ರೈಲಿನೆದುರು ಎರಡು ಕ್ಯಾಮೆರಾ

ವಾಡಿಯಲ್ಲಿ ರೈಲುಹಳಿಯ ಪಕ್ಕ ಡಿಜಿಟಲ್ ಕ್ಯಾಮೆರಾ ಮಾರುವ ಅಂಗಡಿಯವರೊಬ್ಬರಿದ್ದರು. ಯಾರಾದರೂ ಮೆಗಾಪಿಕ್ಸೆಲ್ ಎಷ್ಟು ಎಂದರೆ ಕನ್ನಡಕ ಹಣೆಗೇರಿಸಿ, "ನಂಬರ್ ಬಿಡ್ರಿ, ಒತ್ತಿ ನೋಡ್ರಿ" ಎನ್ನುತ್ತಿದ್ದರು.

ಮಗಳ ಮೊದಲ ಹುಟ್ಟುಹಬ್ಬಕ್ಕೆ ದೊಡ್ಡ ನಂಬರಿನದೇ ಬೇಕೆಂದು ನಾನು ಹಟ ಹಿಡಿದೆ. ಅವರು ಅದನ್ನು ನನ್ನ ಕೈಗಿತ್ತು, ತಾವೊಂದು ಸಣ್ಣ ಕ್ಯಾಮೆರಾ ಹಿಡಿದು ಬಾಗಿಲಿಗೆ ಬಂದರು. ದೂರದಲ್ಲಿ ರೈಲು ಕೂಗಿತು.

"ಎಂಜಿನ್ ಎದುರಿಗಿ ಬಂದಕೂಡ್ಲೆ ಒತ್ತ್ರಿ."

ಇಬ್ಬರೂ ಒಟ್ಟಿಗೇ ಒತ್ತಿದೆವು. ಅವರ ಕ್ಯಾಮೆರಾದಲ್ಲಿ ಎಂಜಿನ್ ಇತ್ತು. ನನ್ನದು ಒತ್ತಿದ ಮೇಲೆ ತುಸು ತಡೆದು ತೆಗೆದಿತ್ತು; ಅದರಲ್ಲಿ ಎರಡನೆಯ ಬೋಗಿ ಬಲು ಸ್ಪಷ್ಟವಾಗಿ ಮೂಡಿತ್ತು.

"ಗ್ವಾಡಿ ಫೋಟೋ ತೆಗಿಲಿಕ್ಕ ಅದು ಛಲೋ ಅದ," ಎಂದರು ಅಂಗಡಿಯ ಗೋಡೆ ತೋರಿಸಿ. "ಕೂಸಿನ ನಗಿ ರೈಲಿಗಿಂತ ಜಲ್ದಿ ಹೋಗ್ತದ್ರಿ."

ಸಣ್ಣದನ್ನೇ ಕೊಂಡೆ. ಹುಟ್ಟುಹಬ್ಬದ ಆ ಚಿತ್ರ ಕೊಂಚ ಮಸುಕು. ಮಗಳ ನಗು ಮಾತ್ರ ಅದರೊಳಗೇ ಇದೆ.