ಮುಚ್ಚಳದೊಳಗಿನ ಎರಡು ಹಸಿರು ಚೂರು

ಹೋದ ವಾರ ಮಸ್ಕಿಯ ಆಸ್ಪತ್ರೆಯಲ್ಲಿ, ನಾನು ಔಷಧಿ ಕೊಡುವ ಕಿಟಕಿಯೊಳಗೆ ಒಂದು ಮುದಿ ಕೈ ಬಂದು ಡಾಕ್ಟರ ಚೀಟಿಯ ಜೊತೆ ಖಾಲಿ ಗುಳಿಗೆಪಟ್ಟಿಯೊಂದನ್ನು ಇಟ್ಟಿತು.

“ಇವ ಕೊಡವಾ, ತೀರ್ಯಾವ.”

ಪಟ್ಟಿಯ ಅಂಚಿನಲ್ಲಿ ಕತ್ತರಿಯಿಂದ ತೆಗೆದ ಒಂದು ಮುಮ್ಮೂಲೆ ಕಚ್ಚು ಇತ್ತು. ಇದನ್ನು ಯಾರು ಹಾಕಿದ್ದು ಎಂದು ಕೇಳಿದೆ.

“ಸಿಂಧನೂರಾಗ ಮೆಡಿಕಲ್‌ನವ್ರು ಒಬ್ರು ಹಾಕಿ ಕೊಡ್ತಿದ್ರು. ಅವ್ರು ಹೋದ್ರು. ಈಗ ನಮ್ಮ ಸೊಸಿ ಹಾಕ್ತಾಳ” ಎಂದ ಅಜ್ಜ.

ಅವನ ಹಿಂದೆ ಸಾಲು ಬೆಳೆದಿತ್ತು. ನಾನು ಆ ಪಟ್ಟಿಯನ್ನು ಹಿಡಿದುಕೊಂಡೇ ಕೂತಿದ್ದೆ…

ಅವರನ್ನು ನಾವು ಮೆಡಿಕಲ್ ಕಾಕಾ ಅನ್ನುತ್ತಿದ್ದೆವು. ಸಿಂಧನೂರಿನಲ್ಲಿ ನಮ್ಮ ಮನೆಯ ಮುಂದಿನ ಸಾಲಿನಲ್ಲೇ ಅವರ ಔಷಧಿ ಅಂಗಡಿ. ಸುತ್ತಲಿನ ಹಳ್ಳಿಗಳಿಂದ ಬರುವ ಹಿರಿಯರಲ್ಲಿ ಓದಲು ಬರುವವರು ಕಡಿಮೆ. ಅವರಿಗಾಗಿ ಕಾಕಾ ಪ್ರತಿ ಪಟ್ಟಿಯ ಅಂಚಿಗೂ ಕಚ್ಚು ಹಾಕಿ ಕೊಡುತ್ತಿದ್ದರು. ಒಂದು ಕಚ್ಚು ಇದ್ದರೆ ಬೆಳಿಗ್ಗೆ, ಎರಡಿದ್ದರೆ ಮಲಗುವಾಗ. ಕಣ್ಣು ಕಾಣದವರೂ ಬೆರಳಾಡಿಸಿ ತಿಳಿಯಬಹುದಿತ್ತು. ಕತ್ತರಿಸಿದ ಚೂರುಗಳನ್ನು ಅವರು ಎಸೆಯುತ್ತಿರಲಿಲ್ಲ. ಹಳೆಯ ಡಬ್ಬಿಯೊಂದರ ಮುಚ್ಚಳದಲ್ಲಿ ಹಾಕಿಟ್ಟು, ಸಂಜೆ ದೀಪ ಹಚ್ಚಿದ ಮೇಲೆ ಕನ್ನಡಕ ಏರಿಸಿ ಒಂದು ಸಲ ನೋಡಿ, ಆಮೇಲೆ ಸುರುವುತ್ತಿದ್ದರು. ಅದೊಂದು ಚಟ ಎಂದುಕೊಂಡಿದ್ದೆ.

ಪಿಯುಸಿ ಮುಗಿಸಿ ನಾನು ಮೊದಲ ಸಲ ನೀಟ್ ಬರೆದು ಬಂದ ವರ್ಷ ಅದು. ಅಂಕ ಹೇಳಿಕೊಳ್ಳುವಂತಿರಲಿಲ್ಲ. ಪೇಪರ್ ಕಠಿಣ ಇತ್ತು ಎಂದು ಮನೆಯಲ್ಲಿ ಹೇಳಿದ್ದೆ. ನಿಜ ಬೇರೆಯಿತ್ತು. ನಡುವೆ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವಳು, ಉತ್ತರದ ಹಾಳೆಯಲ್ಲಿ ಆ ಸಾಲನ್ನು ಬಿಡಲು ಮರೆತಿದ್ದೆ. ಅಲ್ಲಿಂದಾಚೆಗಿನ ಉತ್ತರಗಳೆಲ್ಲ ಒಂದೊಂದು ಸಾಲು ಮೇಲೆ ಕೂತಿದ್ದವು. ಅದು ಗೊತ್ತಾಗುವ ಹೊತ್ತಿಗೆ ಗಂಟೆ ಬಾರಿಸಿತ್ತು. ಯಾರಿಗೂ ಹೇಳಲಿಲ್ಲ. ಇಂಥ ತಪ್ಪು ಮಾಡುವವಳು ನಾಳೆ ಡಾಕ್ಟರಾಗಿ ಯಾರ ಮೈಮೇಲೆ ಕೈ ಇಡಬೇಕು ಎಂಬ ಭಯ ಒಳಗೇ ಕೊರೆಯುತ್ತಿತ್ತು.

ಮತ್ತೇನೂ ಮಾಡದೆ ಒಂದು ವರ್ಷವಿಡೀ ನೀಟ್‌ಗೇ ಓದುವುದಕ್ಕೆ ನಮ್ಮ ಕಡೆ ಲಾಂಗ್ ಟರ್ಮ್ ಅನ್ನುತ್ತಾರೆ. ಲಿಂಗಸುಗೂರಿನಲ್ಲಿ ಅಪ್ಪ ವಿಚಾರಿಸಿ ಬಂದಿದ್ದರು. “ಸೋಮವಾರ ಹೂಂ ಅನ್ಬೇಕು, ಇಲ್ಲ ಊಹೂಂ ಅನ್ಬೇಕು. ನಡು ನಿಲ್ಬ್ಯಾಡವ್ವ” ಎಂದಿದ್ದರು. ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರಿಂದ ಮಧ್ಯಾಹ್ನಗಳಲ್ಲಿ ನಾನು ಕಾಕಾನ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದೆ. ಅವರು ಏನೂ ಕೇಳದೆ ಕೈಗೆ ಕತ್ತರಿ ಕೊಡುತ್ತಿದ್ದರು. ನಾನು ಕಚ್ಚು ಹಾಕಿದ್ದನ್ನು ಒಮ್ಮೆ ನೋಡಿಯೇ ಗಿರಾಕಿಗೆ ದಾಟಿಸುತ್ತಿದ್ದರು.

ಆ ಶನಿವಾರ ಅಂಗಡಿ ತುಂಬ ಜನ. ದಢೇಸುಗೂರಿನ ಒಬ್ಬ ಆಯಿಗೆ ಎರಡು ಪಟ್ಟಿ ಕೊಡಬೇಕಿತ್ತು. ಹಸಿರು ಹಾಳೆಯದು ಶುಗರ್ ಗುಳಿಗೆ, ಬೆಳಿಗ್ಗೆ ನಾಷ್ಟಾಕ್ಕೆ ಮೊದಲು. ಬಿಳಿಯದು ರಾತ್ರಿಗೆ. ಕತ್ತರಿ ಇಡುವಷ್ಟರಲ್ಲಿ ಓಣಿಯ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ ಅಂದಳು:

“ಏನ್ ಡಾಕ್ಟರಮ್ಮಾ, ಸೀಟು ಕೈ ಕೊಡ್ತಂತಲ್ಲ? ಇರ್ಲಿ ಬಿಡು, ಗುಳಿಗಿ ಕಟ್ಟಾಕರ ಕಲಿ.”

ನಾಲ್ಕು ಜನ ನಕ್ಕರು. ನನ್ನ ಕಿವಿ ಬಿಸಿಯಾದವು. ಕತ್ತರಿ ಆಡಿತು. ಕಾಕಾ ಫೋನಿನಲ್ಲಿದ್ದರು. ಪಟ್ಟಿಗಳನ್ನು ನಾನೇ ಆಯಿಯ ಕೈಗಿಟ್ಟೆ.

ಸಂಜೆ ಮುಚ್ಚಳದ ಕಡೆ ಕಣ್ಣು ಹೋಯಿತು. ಬಿಳಿ ಚೂರುಗಳ ನಡುವೆ ಎರಡು ಹಸಿರು ಚೂರು. ಆ ದಿನ ಹಸಿರು ಪಟ್ಟಿ ಒಯ್ದವಳು ಆಯಿ ಒಬ್ಬಳೇ. ಒಂದು ಚೂರು ಇರಬೇಕಿತ್ತು. ಶುಗರ್ ಗುಳಿಗೆ ನುಂಗಿ ಏನೂ ತಿನ್ನದೆ ಮಲಗಿದರೆ, ನಿದ್ದೆಯಲ್ಲೇ ಶುಗರ್ ಇಳಿದು ಮುದುಕಿ ಏಳದೇ ಹೋಗಬಹುದು. ಅಷ್ಟು ನನಗೂ ಗೊತ್ತಿತ್ತು.

ಆ ಎರಡು ಚೂರನ್ನು ಚಿಟಿಕೆಯಲ್ಲಿ ತೆಗೆದು ಹೊರಗೆ ಎಸೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ…

“ಕಾಕಾ, ಗಲತಿ ಆಗೈತಿ.”

ಅವರು ಮುಚ್ಚಳ ನೋಡಿದರು. “ದಢೇಸುಗೂರಿನ ಆಯಿದಾ?”

“ಹೂಂ.”

ಬೈಯಲಿಲ್ಲ. ಎರಡು ಹೊಸ ಪಟ್ಟಿ, ಕತ್ತರಿ ಜೇಬಿಗೆ ಹಾಕಿಕೊಂಡರು. ನಿಂತಿದ್ದ ಗಿರಾಕಿಗಳಿಗೆ “ಬಾಜೂ ಅಂಗಡ್ಯಾಗ ತಗೋರೆಪಾ” ಎಂದು ಷಟರ್ ಎಳೆದೇಬಿಟ್ಟರು.

ಸ್ಕೂಟರಿನ ಹಿಂದೆ ನಾನು. ರಸ್ತೆಯ ಎರಡೂ ಕಡೆ ನೀರು ನಿಂತ ಗದ್ದೆ, ಮುಖಕ್ಕೆ ರಪರಪ ಬಡಿಯುವ ಹುಳ. ಪ್ರತಿ ಮನೆಯ ಹೊಗೆ ನೋಡಿ, ಆಯಿ ಉಂಡಳೋ, ಮಲಗಿದಳೋ ಎಂದು ಲೆಕ್ಕ ಹಾಕುತ್ತಿದ್ದೆ. ಅವಳ ಹೆಸರೂ ನಮಗೆ ಗೊತ್ತಿರಲಿಲ್ಲ. ಊರ ಮುಂದಿನ ಚಹಾ ಅಂಗಡಿಯಲ್ಲಿ ಕಾಕಾ, “ಕಿವಿ ಮಂದ ಐತಲ್ಲ, ಆ ಆಯಿ ಮನಿ ಯಾವದು?” ಎಂದರು.

“ಅರ್ಧ ಊರಿಗೆ ಕಿವಿ ಮಂದ ಐತ್ರಿ, ಯಾವಾಕಿ ಬೇಕು ಹೇಳ್ರಿ!”

“ದೊಡ್ಡ ಮೂಗುತಿ, ಶುಗರ್ ಐತಿ. ಜಲ್ದಿ ಹೇಳೋ ತಮ್ಮಾ.” ಆ ದನಿ ಕೇಳಿ ಚಹಾ ಅಂಗಡಿಯವನು ನಗು ಬಿಟ್ಟು, ದಾರಿ ತೋರಿಸುತ್ತ ಮನೆಯವರೆಗೂ ಓಡೋಡಿ ಬಂದ.

ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಅಂಗೈಯಲ್ಲಿ ಗುಳಿಗೆ. ಪಕ್ಕದಲ್ಲಿ ಹಸಿರು ಪಟ್ಟಿ.

“ಅಯ್ಯ, ಮೆಡಿಕಲ್ ಸಾವ್ಕಾರ್ರು! ಮಗಳ ಮದಿವಿ ಕಾರ್ಡ್ ತಂದೀರೇನು?”

“ಮೊದ್ಲ ಆ ಗುಳಿಗಿ ಕೆಳಗಿಡು ಆಯಿ.”

“ಆಂ?” ಎನ್ನುತ್ತಲೇ ಅವಳು ಕೈ ಎತ್ತಿದಳು. ನಾನು ಹೋಗಿ ಆ ಮುಂಗೈ ಹಿಡಿದುಕೊಂಡೆ. ತಂಬಿಗೆ ಉರುಳಿ ನನ್ನ ಕಾಲೆಲ್ಲ ನೆನೆಯಿತು.

ಕಾಕಾ ಹಳೆಯ ಪಟ್ಟಿಗಳನ್ನು ಜೇಬಿಗಿಳಿಸಿ, ಹೊಸ ಪಟ್ಟಿಗಳನ್ನೂ ಕತ್ತರಿಯನ್ನೂ ನನ್ನ ಮುಂದೆ ಹಿಡಿದರು. “ನೀನ ಹಾಕು.” ಒಂದು ಕಚ್ಚಿಗೆ ಮೂರು ಸಲ ಕತ್ತರಿ ಇಟ್ಟು ತೆಗೆದೆ. ಆಯಿ ಬೆರಳಾಡಿಸಿ ನೋಡಿ, ನನ್ನ ಮುಖ ನೋಡಿದಳು.

“ಈಕಿ ಯಾರ್ರೀ? ಡಾಕ್ಟರಮ್ಮ ಏನು?”

“ಇನ್ನ ಗೊತ್ತಿಲ್ಲ ಆಯಿ. ವಿಚಾರ ಮಾಡಾಕತ್ತಾಳ.”

“ಜಲ್ದಿ ವಿಚಾರ ಮಾಡಂತ ಹೇಳ್ರಿ. ನಾನೇನ್ ಭಾಳ ದಿನ ಇರಂಗಿಲ್ಲ.”

ವಾಪಸು ಬರುವಾಗ ಕಾಲುವೆಯ ಸೇತುವೆ ಹತ್ತಿರ ಕಾಕಾ ಸ್ಕೂಟರ್ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. “ನನ್ನ ಕೈಲೂ ಒಮ್ಮಿ ಹಿಂಗ ಆಗಿತ್ತು ತಂಗಿ. ಗೊತ್ತಾತು… ಬೆಳಿಗ್ಗಿ ಹೋದ್ರಾತು ಅಂತ ಮಲಕೊಂಡೆ.” ಸ್ಕೂಟರ್ ಒದೆಯುವ ಮೊದಲು, “ಆ ಮುಚ್ಚಳ ಆಮ್ಯಾಲ ಇಟ್ಟಿದ್ದು” ಎಂದರು. ಏನಾಯಿತೆಂದು ಕೇಳುವ ಧೈರ್ಯ ನನಗೆ ಆಗಲಿಲ್ಲ, ಎಂದೂ ಆಗಲಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಕೂತು ಉತ್ತರದ ಹಾಳೆಯ ಕಥೆ ಹೇಳಿದೆ.

“ಪೇಪರ್ ಕಠಿಣ ಇತ್ತು ಅಂದಿದ್ದಿ?”

“ಸುಳ್ಳು ಹೇಳಿದ್ದೆ.”

ಅಪ್ಪ ಹತ್ತಿರ ಸರಿದು ಕೂತರು. “ಈಗೇನಂತಿ?”

“ಓದ್ತೀನಪ್ಪ. ಇನ್ನೊಮ್ಮಿ ಬರೀತೀನಿ.” ಭಯ ಹೋಗಿರಲಿಲ್ಲ. ಆದರೆ ಅದನ್ನು ಮುಚ್ಚಿಡುವ ಭಾರ ಹೋಗಿತ್ತು.

ಲಿಂಗಸುಗೂರಿನಲ್ಲಿ ಒಂದು ವರ್ಷ ಓದಿದೆ. ಪರೀಕ್ಷೆಯ ದಿನ ಪ್ರತಿ ಹತ್ತು ಪ್ರಶ್ನೆಗೊಮ್ಮೆ ನಿಂತು, ಸಾಲಿನ ಮೇಲೆ ಬೆರಳಾಡಿಸಿ ನೋಡಿದೆ. ಒಂದು ಸಾಲೂ ಜಾರಲಿಲ್ಲ. ಆದರೆ ಹಾಗೆ ನಿಂತು ನಿಂತು ಹೊತ್ತು ಸಾಲದೆ ಕೊನೆಯ ಪ್ರಶ್ನೆಗಳು ಖಾಲಿ ಉಳಿದವು. ಸೀಟು ಸ್ವಲ್ಪದರಲ್ಲಿ ತಪ್ಪಿತು, ನಾನು ಫಾರ್ಮಸಿ ಸೇರಿದೆ. ಅದಕ್ಕೂ ಮೊದಲು, ಪರೀಕ್ಷೆ ಬರೆದ ಮರುದಿನ ಊರಿಗೆ ಬಂದಾಗ ಕಾಕಾನ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು. ಅವರು ತೀರಿ ಮೂರು ತಿಂಗಳಾಗಿತ್ತಂತೆ. ನನ್ನ ಓದು ಕೆಡಬಾರದೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಆ ಮುಚ್ಚಳ ಎಲ್ಲಿ ಹೋಯಿತೋ…

“ಏನವಾ, ಕೊಡ್ತಿಯೋ ಇಲ್ಲೋ?” ಕಿಟಕಿಯಾಚೆ ಅಜ್ಜ ಕೇಳುತ್ತಿದ್ದ. ಹೊಸ ಪಟ್ಟಿ ತೆಗೆದು, ಡಾಕ್ಟರ ಚೀಟಿ ಎರಡು ಸಲ ಓದಿ, ಒಂದು ಕಚ್ಚು ಹಾಕಿಕೊಟ್ಟೆ. ಅವನ ಮುಖ ಅರಳಿತು.

“ನೀ ಡಾಕ್ಟರಮ್ಮ ಏನವಾ?”

“ಅಲ್ಲಜ್ಜ. ಗುಳಿಗಿ ಕೊಡಾಕಿ.”

ಚೂರನ್ನು ಪೆನ್ನಿನ ಟೊಪ್ಪಿಗೆಯಲ್ಲಿ ಹಾಕಿಟ್ಟಿದ್ದೆ. ಸಂಜೆ ಕಿಟಕಿ ಮುಚ್ಚುವ ಮುಂಚೆ ಅಂಗೈ ಮೇಲೆ ಸುರುವಿ ನೋಡಿದೆ. ಒಂದೇ ಇತ್ತು. ಸರಿಯಾಗಿತ್ತು. ಆದರೂ, ಕಾಕಾ ಒಮ್ಮೆ ಕನ್ನಡಕ ಏರಿಸಿ ನೋಡಿ ಹೂಂ ಅಂದಿದ್ದರೆ, ನಾನು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆ.